ಮಾಸ್ಟರರ ಮೂರು ಕುಡಿಕೆ

ಗೊತ್ತಿದ್ದೂ ಸುಮ್ಮನಿದ್ದಾರೋ, ನಿಜಕ್ಕೂ ಗೊತ್ತಾಗಿಲ್ಲವೋ? ಗೊತ್ತಾಗಿಲ್ಲ ಎನ್ನುವುದಾದರೆ ಐವತ್ತು ವರ್ಷ ಭಂಗಿ ಕುಡಿದ ನಾಲಿಗೆಗೆ ಏನು ಬೆಲೆ? ಗೊತ್ತಾಗಿದೆ ಎನ್ನುವುದಾದರೆ ದಿನವೂ ಸಂಜೆ ಬಂದು ಇದೇ ಬೆಂಚಿನ ಮೇಲೆ ಕೂರುವುದು ಯಾತಕ್ಕೆ?

ರಾಮ್‌ದುಲಾರ್ ಹಿತ್ತಾಳೆ ಲೋಟಗಳಿಗೆ ಬೂದಿ ಹಚ್ಚಿ ಉಜ್ಜುತ್ತ ಇದನ್ನೇ ಮನಸ್ಸಿನಲ್ಲಿ ತಿರುವಿ ಹಾಕುತ್ತಿದ್ದ. ಎದುರಿನ ಬೆಂಚಿನಲ್ಲಿ ಶಿವಮೂರತ್ ಮಾಸ್ಟರರು ಬಾದಾಮಿ ಹಾಲಿನ ಥಂಡಾಯಿಯ ಕೊನೆಯ ಗುಟುಕನ್ನು ಬಾಯಲ್ಲಿಟ್ಟುಕೊಂಡು ಕಣ್ಣು ಅರೆ ಮುಚ್ಚಿದ್ದರು. ನುಂಗಿ, ಮೀಸೆ ಒರೆಸಿಕೊಂಡು, ಎಂದಿನಂತೆ ಹೇಳಿದರು.

"ಇವತ್ತಿಂದು ಸರಿಯಾಗಿದೆ ಕಣೋ ದುಲಾರೆ. ನಿನ್ನೆ ಸ್ವಲ್ಪ ಜಾಸ್ತಿಯಾಗಿತ್ತು."

ನಿನ್ನೆಯದರಲ್ಲೂ ಇವತ್ತಿನದರಲ್ಲೂ ಭಂಗಿ ಇರಲಿಲ್ಲ. ಇದ್ದದ್ದು ಪಾಲಕ್ ಸೊಪ್ಪು, ಒಂದೆರಡು ಬೇವಿನ ಎಲೆ, ಒಂದು ಚಿಟಿಕೆ ಹೆಚ್ಚು ಮೆಣಸು. ಆರು ತಿಂಗಳಿಂದ ಹಾಗೆಯೇ ನಡೆದಿತ್ತು. ಅದಕ್ಕೂ ಹಿಂದಿನ ಎರಡು ತಿಂಗಳು ಅವನು ಬೋರೆಹಣ್ಣಿನಷ್ಟಿದ್ದ ಉಂಡೆಯನ್ನು ಕಡಲೆಕಾಳಿಗೆ ಇಳಿಸಿದ್ದ, ಕಡಲೆಕಾಳನ್ನು ಮೆಣಸಿನಕಾಳಿಗೆ ಇಳಿಸಿದ್ದ, ಆಮೇಲೆ ಅದನ್ನೂ ಬಿಟ್ಟಿದ್ದ. ಆದರೂ ಕುಡಿದ ಮುಕ್ಕಾಲು ಗಂಟೆಗೆ ಮಾಸ್ಟರರ ಮಾತು ಸಡಿಲವಾಗುತ್ತಿತ್ತು. ಓಣಿಯಲ್ಲಿ ಹೋಗುವ ಹೋರಿಯನ್ನು ನಿಲ್ಲಿಸಿ ಮಗ್ಗಿ ಕೇಳುತ್ತಿದ್ದರು. ಮನೆಗೆ ಹೋಗುವಾಗ ಹೆಜ್ಜೆ ನಿಧಾನವಾಗುತ್ತಿತ್ತು. ಹಾಗಾದರೆ ಇಷ್ಟು ವರ್ಷ ಅವರನ್ನು ನಗಿಸಿದ್ದು ಸೊಪ್ಪೋ, ಬೆಂಚೋ ಎಂದು ರಾಮ್‌ದುಲಾರ್‌ಗೆ ಅನುಮಾನ. ಇಪ್ಪತ್ತೆರಡು ವರ್ಷ ಅದನ್ನೇ ಅರೆದವನಿಗೆ ಅದು ಸಣ್ಣ ಅನುಮಾನವಲ್ಲ.

ಕೇಳಿಕೊಂಡವಳು ಮಾಸ್ಟರರ ಹೆಂಡತಿ. ಓಣಿಯವರೆಲ್ಲ ಅವಳನ್ನು ಮಾಸ್ಟರಾಯಿನ್ ಎನ್ನುತ್ತಾರೆ. ಕಾಶಿಯ ಗೊದೌಲಿಯಾ ಚೌಕದಿಂದ ಒಳಗೆ ಬರುವ ಆ ಓಣಿಯ ಭಂಗಿ ಅಂಗಡಿಗೆ ಮನೆ ಹೆಂಗಸರು ಬರುವುದಿಲ್ಲ. ಅವಳು ಒಂದು ಮಧ್ಯಾಹ್ನ, ಅಂಗಡಿಯ ಯಜಮಾನ ಕನ್ಹೈ ಸಾವ್ ಊಟಕ್ಕೆ ಹೋಗಿದ್ದ ಹೊತ್ತು ನೋಡಿ, ಡಾಕ್ಟರ ಚೀಟಿಯನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಬಂದಿದ್ದಳು.

"ಎದೆ ಬಡಿತ ತಪ್ಪುತ್ತಂತೆ ಭೈಯಾ. ಭಂಗಿ ಮುಟ್ಲೇಬಾರದು ಅಂದಿದಾರೆ. ಮನೇಲಿ ಹೇಳಿದ್ರೆ ಹ್ಞೂಂ ಅಂದು ಇಲ್ಲಿಗೆ ಬರ್ತಾರೆ. ನೀವು ಕೊಡಲ್ಲ ಅಂದ್ರೆ ಇನ್ನೊಂದಂಗಡಿಗೆ ಹೋಗ್ತಾರೆ."

"ನಾನೇನ್ ಮಾಡ್ಲಿ, ಅಮ್ಮ?"

"ಲೋಟ ಕೊಡಿ. ಒಳಗೆ ಅದು ಬೇಡ. ಅವರಿಗೆ ಗೊತ್ತಾಗ್ಬಾರದು. ನಾಲ್ಕು ಜನರ ಮುಂದೆ ಗೊತ್ತಾಯ್ತು ಅಂದ್ರೆ, ಆ ಮನುಷ್ಯ ಊಟ ಬಿಟ್ಟು ಮಲಗಿಬಿಡ್ತಾರೆ. ಆಣೆ ಗೀಣೆ ಬೇಡ, ಹ್ಞೂಂ ಅಂದ್ರೆ ಸಾಕು."

ಅವನು ಹ್ಞೂಂ ಎಂದಿದ್ದ.

ಹೋಳಿಗೆ ಹದಿನೈದು ದಿನ ಇರುವಾಗ ಕನ್ಹೈ ಸಾವ್‌ಗೆ ಬೋರ್ಡು ಬರೆಸುವ ಹುಚ್ಚು ಹಿಡಿಯಿತು. ಆಗ ಊರಿಗೆ ಹೊರಗಿನವರು ಬರುತ್ತಾರೆ. ಬಂದವರು ಕೌಂಟರಿನ ಮುಂದೆ ನಿಂತು ಅದೇ ಪ್ರಶ್ನೆಗಳನ್ನು ಕೇಳುತ್ತಾರೆ. ನೀರಿನದಕ್ಕೂ ಥಂಡಾಯಿಗೂ ಏನು ವ್ಯತ್ಯಾಸ, ಲಸ್ಸಿ ಮೆತ್ತಗಲ್ಲವೇ, ಸೀಸೆಯಲ್ಲಿ ಬರುವ ಈ ಹಸಿರು ಶರಬತ್ತು ಯಾರಿಗೆ, ಯಾವುದು ಹೆಚ್ಚು ಹಿಡಿಯುತ್ತದೆ. ಒಬ್ಬೊಬ್ಬರಿಗೂ ಉತ್ತರ ಹೇಳುವಷ್ಟರಲ್ಲಿ ಹಿಂದಿನ ಮೂವರು ಬೇರೆ ಅಂಗಡಿಗೆ ಹೋಗಿರುತ್ತಾರೆ.

"ಹುಡುಗರಿಗೆ ಇಲ್ಲ ಅಂತ ಮೇಲೆ ದೊಡ್ಡದಾಗಿ ಬರೆಸ್ತೀನಿ. ಕೆಳಗೆ ಯಾವುದು ಯಾರಿಗೆ, ಎಷ್ಟು ಹೊತ್ತಿಗೆ ಏರುತ್ತೆ, ಎಲ್ಲಾ," ಎಂದ ಕನ್ಹೈ. "ಆದ್ರೆ ಹೇಳೋರು ಯಾರು? ನಾನು ಕುಡಿಯಲ್ಲ. ದುಲಾರ್ ಅರೀತಾನೆ, ಕುಡಿಯೋದು ವರ್ಷಕ್ಕೊಂದ್ಸಲ."

ಹಾಲು ಹಾಕಲು ಬಂದಿದ್ದ ಪುತ್ತನ್ ಸರ್ದಾರ್ ಕ್ಯಾನು ಕೆಳಗಿಟ್ಟು ಬೆಂಚಿನತ್ತ ಗದ್ದ ಎತ್ತಿದ. "ನ್ಯಾಯಾಧೀಶರು ಅಲ್ಲೇ ಕೂತಿದಾರಲ್ಲ ಗುರು. ನಿನಗೆ ಬೆತ್ತದಲ್ಲಿ ಹೊಡೆದು ಮಾರ್ಕು ಹಾಕಿದೋರು ಭಂಗಿಗೂ ಹಾಕ್ತಾರೆ."

ಕನ್ಹೈ ಏಳನೆಯ ತರಗತಿಯಲ್ಲಿ ಎರಡು ಸಲ ಮಾಸ್ಟರರ ಕೈಯಲ್ಲಿ ಫೇಲಾದವನು. ಇವತ್ತಿಗೂ ಅವರ ಮುಂದೆ ಗಲ್ಲಾಪೆಟ್ಟಿಗೆಯ ಹಿಂದೆ ಕೂರುವುದಿಲ್ಲ, ನಿಂತೇ ಇರುತ್ತಾನೆ. ಅವನು ಕೈ ಜೋಡಿಸಿ ಕೇಳಿದ. ಮಾಸ್ಟರರಿಗೆ ಸಂತೋಷವಾಯಿತು. ನಿವೃತ್ತರಾಗಿ ಹದಿನೇಳು ವರ್ಷದಲ್ಲಿ ಯಾರೂ ಅವರನ್ನು ಏನನ್ನೂ ತೀರ್ಮಾನಿಸಲು ಕರೆದಿರಲಿಲ್ಲ.

"ಅಂಗಡೀಲಿ ಆಗಲ್ಲ," ಎಂದರು. "ಇಲ್ಲಿ ಐಸು, ಸಕ್ಕರೆ, ನಿನ್ನ ಊದುಬತ್ತಿ. ನಾಲಿಗೆಗೆ ಕಣ್ಣು ಕಟ್ಟಿದ ಹಾಗೆ. ಹೊಳೆ ಆಚೆಗೆ ಹೋಗೋಣ. ನನ್ನ ಎದುರಿಗೇ ತೊಳೀಬೇಕು, ನನ್ನ ಎದುರಿಗೇ ಅರೀಬೇಕು. ಒಂದೇ ಅರೆತ. ಮೂರು ಕುಡಿಕೆ: ನೀರಲ್ಲಿ ಒಂದು, ಥಂಡಾಯೀಲಿ ಒಂದು, ಮೊಸರಲ್ಲಿ ಒಂದು. ಒಂದೊಂದಕ್ಕೂ ಬೋರೆಹಣ್ಣಿನಷ್ಟು. ಸೀಸೇದು ಕೊನೇಲಿ ನೋಡೋಣ."

ರಾಮ್‌ದುಲಾರ್ ಕೈಯಲ್ಲಿದ್ದ ಲೋಟವನ್ನು ಎರಡನೆಯ ಸಲ ತೊಳೆದ.

ಬಿಟ್ಟವನು ಮತ್ತೆ ಹಳೆಯ ಅಳತೆ ಹಿಡಿದರೆ ಏನಾಗುತ್ತದೆಂದು ಅವನು ಕಂಡಿದ್ದ. ಕಲ್ಕತ್ತೆಯಲ್ಲಿ ಎರಡು ವರ್ಷ ಇದ್ದು ಬಂದ ಒಬ್ಬ ಗಿರಾಕಿ, ನಿನ್ನೆ ಕುಡಿದವನಂತೆ ಬೋರೆಯಷ್ಟನ್ನು ನುಂಗಿ, ಘಾಟಿನ ಮೆಟ್ಟಿಲ ಮೇಲೆ ಎದೆ ಒತ್ತಿ ಹಿಡಿದು ನಡುಗುತ್ತಿದ್ದ. ಅವನಿಗೆ ಮೂವತ್ತೈದು ವಯಸ್ಸು, ಗಟ್ಟಿ ಎದೆ. ಮಾಸ್ಟರರಿಗೆ ಎಪ್ಪತ್ತೈದು, ಕುಡಿಕೆ ಮೂರು.

ಹೇಳಿಬಿಡುವುದು ಸುಲಭವೆಂದು ಮೊದಲು ಅನ್ನಿಸಿತು. ದೋಣಿಯಲ್ಲಿ ಪಕ್ಕದಲ್ಲೇ ಕೂತರೆ ಕಿವಿಯಲ್ಲಿ ಹೇಳಬಹುದು. ಆದರೆ ಯಾವ ಮಾತಿನಿಂದ ಶುರು ಮಾಡುವುದು? ಆರು ತಿಂಗಳಿಂದ ನಿಮಗೆ ಸೊಪ್ಪಿನ ನೀರು ಕುಡಿಸಿದ್ದೇನೆ, ನೀವು ಸರಿಯಾಗಿದೆ ಎಂದಿದ್ದೀರಿ. ಆ ಮಾತನ್ನು ಎಷ್ಟು ಮೆತ್ತಗೆ ಹೇಳಿದರೂ ಅದರ ಎಲುಬು ಅದೇ.

ಮರುದಿನ ಮಧ್ಯಾಹ್ನ ದೋಣಿಯಲ್ಲಿ ಅವನು ಪಕ್ಕದಲ್ಲೇ ಕೂತ. ತೊಡೆಯ ಮೇಲೆ ಅರೆಕಲ್ಲು, ಕಾಲ ಬಳಿ ಗುಂಡು. ಪುತ್ತನ್ ಹಾಲು ಮೊಸರಿನ ಮಡಕೆ ಹಿಡಿದಿದ್ದ. ಕನ್ಹೈ ಕಾಗದ ಪೆನ್ನು ತಂದಿದ್ದ. ಮಾಸ್ಟರರು ಒಗೆದ ಧೋತರ ಉಟ್ಟು ಹೊಳೆಯತ್ತ ಮುಖ ಮಾಡಿ ಕೂತಿದ್ದರು.

"ಮಾಸ್ಟರ್ ಸಾಹೇಬ್ರೆ," ಎಂದ ರಾಮ್‌ದುಲಾರ್ ಮೆಲ್ಲಗೆ. "ಮೂರೂ ಒಟ್ಟಿಗೆ ಅಂದ್ರೆ... ಕಡಲೆಕಾಳಷ್ಟು ಹಾಕ್ಲಾ? ರುಚಿ ನೋಡೋಕೆ ಅಷ್ಟು ಸಾಕಲ್ವಾ?"

ಮಾಸ್ಟರರು ತಿರುಗಿ ಅವನನ್ನು ಪಾಠ ಒಪ್ಪಿಸದ ಹುಡುಗನನ್ನು ನೋಡುವಂತೆ ನೋಡಿದರು. "ಐವತ್ತು ವರ್ಷದ ಗಂಟಲಿಗೆ ಅಳತೆ ಹೇಳಿಕೊಡ್ತೀಯೇನೋ?"

"ಅವನಿಗೆ ಸೊಪ್ಪು ಉಳಿಸೋ ಚಿಂತೆ," ಎಂದ ಪುತ್ತನ್. "ಯಜಮಾನರು ಎದುರಿಗಿದಾರಲ್ಲ."

ಎಲ್ಲರೂ ನಕ್ಕರು.  ಆಚೆ ದಡ ಬರುವವರೆಗೆ ರಾಮ್‌ದುಲಾರ್ ಹುಟ್ಟು ನೀರಿಗೆ ಬೀಳುವ ಸದ್ದನ್ನು ಎಣಿಸುತ್ತಿದ್ದ. ಎಷ್ಟೆಂದು ಆಮೇಲೆ ನೆನಪಿರಲಿಲ್ಲ.

ಮರಳಿನ ಮೇಲೆ ಗೋಣಿ ಹಾಸಿದರು. ನಾಲ್ವರೂ ಸ್ನಾನ ಮಾಡಿ ಬಂದರು. ಮಾಸ್ಟರರು ಡಬ್ಬಿಯಿಂದ ತಾವೇ ಸೊಪ್ಪು ಎತ್ತಿ ಕೊಟ್ಟರು. ರಾಮ್‌ದುಲಾರ್ ಅದನ್ನು ಬಟ್ಟೆಯಲ್ಲಿ ಕಟ್ಟಿ ಹೊಳೆಯಲ್ಲಿ ಹಿಂಡಿ ಹಿಂಡಿ ತೊಳೆದ. ಹಸಿರು ನೀರು ಹೋಗಿ ತಿಳಿ ನೀರು ಬರುವವರೆಗೆ ಏಳು ಸಲ. ಮೆಣಸು ಸೇರಿಸಿ ಅರೆಯಲು ಕೂತ. ಹೊಳೆಯಾಚೆ ಘಾಟುಗಳ ಮೆಟ್ಟಿಲು ಬಿಸಿಲಿಗೆ ಬಿಳಿಚಿಕೊಂಡಿದ್ದವು. ಮಾಸ್ಟರರು ಎದುರಿಗೇ ಪದ್ಮಾಸನ ಹಾಕಿ ಅವನ ಮಣಿಕಟ್ಟನ್ನೇ ನೋಡುತ್ತಿದ್ದರು.

ಅರೆತ ಮುಗಿಯಿತೆಂದು ತಿಳಿಯುವುದಕ್ಕೆ ಕಾಶಿಯವರಲ್ಲಿ ಗಡಿಯಾರವಿಲ್ಲ. ಗುಂಡನ್ನು ಮೇಲೆತ್ತಿದರೆ ಅಂಟಿಕೊಂಡ ಕಲ್ಲೂ ನೆಲ ಬಿಟ್ಟು ಏಳಬೇಕು. ಎದ್ದರೆ ಅದು ಭಂಗಿ, ಏಳದಿದ್ದರೆ ದನದ ಮೇವು. ಅದಕ್ಕೆ ಬೇಕಾದದ್ದು ತೋಳಿನ ಬಲವಲ್ಲ, ನೀರಿನ ಲೆಕ್ಕ. ಬೆರಳ ತುದಿಯಿಂದ ತೊಟ್ಟು ತೊಟ್ಟಾಗಿ ಕೊಡಬೇಕು. ಒಂದು ಹಂತ ದಾಟಿದ ಮೇಲೆ ಒಂದು ಬೊಗಸೆ ಹೆಚ್ಚಾದರೂ ಅಂಟು ಮುರಿಯುತ್ತದೆ, ಮತ್ತೆ ಕೂಡುವುದಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ರಾಮ್‌ದುಲಾರ್‌ನ ಕಲ್ಲು ಏಳದೆ ಇದ್ದ ದಿನವಿರಲಿಲ್ಲ. ಓಣಿಯಲ್ಲಿ ಅವನಿಗಿದ್ದ ಹೆಸರೆಲ್ಲ ಅಷ್ಟೇ. ಓದಿಲ್ಲ, ಮನೆಯಿಲ್ಲ, ಹಾಡಲು ಬರುವುದಿಲ್ಲ. ಕಲ್ಲು ಏಳುತ್ತದೆ.

ಮುಕ್ಕಾಲು ಗಂಟೆ ಅರೆದ. ಸೊಪ್ಪು ಬೆಣ್ಣೆಯಂತಾಯಿತು. ಗುಂಡು ಕೈಗೆ ಭಾರವಾಗತೊಡಗಿತು. ಕಲ್ಲು ಹಿಡಿಯುತ್ತಿದೆ ಎಂದು ಅಂಗೈಗೆ ತಿಳಿಯಿತು. ಇನ್ನು ಎತ್ತಿದರೆ ಏಳುತ್ತದೆ.

ಅವನು ಪಕ್ಕದ ಚೊಂಬಿನಿಂದ ನೀರು ತೆಗೆದುಕೊಂಡು ಚಿಮುಕಿಸಿದ. ಮತ್ತೊಮ್ಮೆ ಚಿಮುಕಿಸಿದ. ಎರಡನೆಯದು ಚಿಮುಕಿಸಿದ್ದಲ್ಲ, ಸುರಿದದ್ದು. ಅರೆಯುವ ಕೈಯನ್ನು ನಿಲ್ಲಿಸದೆ ಸುರಿದದ್ದರಿಂದ ನೋಡುವವರಿಗೆ ಅಭ್ಯಾಸದಂತೆ ಕಂಡಿತು.

"ಎತ್ತು," ಎಂದರು ಮಾಸ್ಟರರು.

ಎತ್ತಿದ. ಗುಂಡೊಂದೇ ಪಚಕ್ಕೆಂದು ಮೇಲೆ ಬಂತು. ಕಲ್ಲು ಮರಳಿನಲ್ಲೇ ಉಳಿಯಿತು.

 ದೂರದಲ್ಲಿ ಯಾವುದೋ ದೋಣಿಯವನು ಕೆಮ್ಮಿದ.

"ಮತ್ತೆ ಅರಿ," ಎಂದ ಕನ್ಹೈ.

ಮತ್ತೆ ಅರೆದ. ಬೆವರು ಹಣೆಯಿಂದ ಕಲ್ಲಿನ ಅಂಚಿಗೆ ಬಿತ್ತು. ಮತ್ತೆ ಎತ್ತಿದ. ಗುಂಡು ಇನ್ನೂ ಸಲೀಸಾಗಿ ಬಂತು.

ಪುತ್ತನ್ ಬಗ್ಗಿ ಬೆರಳಲ್ಲಿ ಮುಟ್ಟಿ ನೋಡಿದ. "ಇದೇನ್ ಗುರು, ಚಟ್ನಿ ಮಾಡಿಟ್ಟಿದ್ಯಲ್ಲ. ದೋಸೆ ಒಂದು ಬೇಕಿತ್ತು ಅಷ್ಟೆ. ಕೊಡು, ನಮ್ಮ ಎಮ್ಮೆಗೆ ಹಾಕ್ತೀನಿ. ಅದಾದ್ರೂ ಸಂಸಾರ ಮರೀಲಿ."

"ಮುಚ್ಚಯ್ಯ," ಎಂದ ಕನ್ಹೈ. ಆಮೇಲೆ ರಾಮ್‌ದುಲಾರ್‌ನನ್ನು ನೋಡಿ, "ಹೋಳಿ ಬಾಗಿಲಲ್ಲಿ ನಿಂತಿದೆ. ಏನಾಯ್ತು ನಿನಗೆ?" ಎಂದ.

ರಾಮ್‌ದುಲಾರ್ ಅಂಗೈ ನೋಡಿಕೊಂಡ. "ಗೊತ್ತಾಗ್ತಿಲ್ಲ."

"ಏಳದಿದ್ರೆ ಏನು, ಸೊಪ್ಪು ಅದೇ ತಾನೆ? ಸೋಸಿ ಕೊಡು, ಮಾಸ್ಟರ್ ಸಾಹೇಬ್ರು ರುಚಿ ನೋಡ್ಲಿ," ಎಂದು ಕನ್ಹೈ ಕುಡಿಕೆಗಳನ್ನು ಸಾಲಾಗಿ ಇಟ್ಟ.

ರಾಮ್‌ದುಲಾರ್ ಅಲುಗಲಿಲ್ಲ. ಕನ್ಹೈ ಹೇಳಿದ್ದು ನಿಜವಾಗಿತ್ತು. ಸೊಪ್ಪಿನ ಬಲ ನೀರಿನಿಂದ ಎಲ್ಲಿಯೂ ಹೋಗಿರಲಿಲ್ಲ. ಇನ್ನುಳಿದದ್ದು ಕಲ್ಲು ಏಳದ್ದನ್ನು ಮುಟ್ಟದ ಮಾಸ್ಟರರ ಹಟ ಒಂದೇ.

ಮಾಸ್ಟರರು ಕಲ್ಲಿನ ಮೇಲಿನ ಹಸಿರನ್ನು ಬಹಳ ಹೊತ್ತು ನೋಡಿದರು. "ಕಲ್ಲು ಏಳದ ಭಂಗಿ ಶಿವನಿಗಿಡಲ್ಲ. ಶಿವನಿಗಿಡದ್ದು ನನ್ನ ಬಾಯಿಗಿಲ್ಲ," ಎಂದರು. "ಹೊಳೆಗೆ ಹಾಕು."

ರಾಮ್‌ದುಲಾರ್ ಕಲ್ಲನ್ನೆತ್ತಿಕೊಂಡು ಮೊಣಕಾಲುದ್ದದ ನೀರಿಗೆ ಇಳಿದು ತೊಳೆದ. ಹಸಿರು ಸ್ವಲ್ಪ ದೂರ ಒಂದೇ ಪಟ್ಟಿಯಾಗಿ ಹರಿದು ಚದುರಿತು. ಅವನು ಹಿಂತಿರುಗಿದಾಗ ಮಾಸ್ಟರರು ಕನ್ಹೈಗೆ ಹೇಳುತ್ತಿದ್ದರು.

"ಮುಖ ಯಾಕೆ ಹಾಗೆ ಮಾಡ್ತೀಯ? ಬರ್ಕೋ. ಇದಕ್ಕೆ ಕುಡಿಯೋದೇ ಬೇಕಾ? ಬರೀ ನೀರಿನದು: ಬೇಗ ಏರುತ್ತದೆ, ಬೇಗ ಇಳಿಯುತ್ತದೆ, ಅಭ್ಯಾಸವಿಲ್ಲದವರು ಮುಟ್ಟಬಾರದು. ಥಂಡಾಯಿ: ಒಂದು ಗಂಟೆ ಕಾಯಬೇಕು. ಬಾದಾಮಿ, ಸೋಂಪು, ಗುಲಾಬಿ ಕೈ ಹಿಡಿದು ಕರೆದುಕೊಂಡು ಹೋಗುತ್ತವೆ. ಲಸ್ಸಿ: ಮೆತ್ತಗೆ ಕಾಣುತ್ತದೆ, ಎಲ್ಲಕ್ಕಿಂತ ತಡವಾಗಿ ಬರುತ್ತದೆ. ಹತ್ತಲಿಲ್ಲವೆಂದು ಎರಡನೆಯ ಲೋಟ ಕೇಳಿದವನು ಮೂರ್ಖ. ಮೂರ್ಖ ಅಂತಾನೇ ಬರಿ."

"ಸೀಸೇದು?"

"ಅದು ಎಲ್ಲಾ ದಿನ ಒಂದೇ ಥರ ಇರುತ್ತದೆ. ಅದೇ ಅದರ ಗುಣ, ಅದೇ ಅದರ ದೋಷ. ಹೊಸಬರಿಗೆ ಅರ್ಧ ಸೀಸೆ ಸಾಕು." ಆಮೇಲೆ ಸೇರಿಸಿದರು. "ಎದೆ ಕಾಯಿಲೆ ಇದ್ದವರಿಗೆ ಯಾವುದೂ ಬೇಡ."

"ಅದನ್ನ ಬರೆದ್ರೆ ಅರ್ಧ ಗಿರಾಕಿ ಓಡ್ತಾರೆ, ಮಾಸ್ಟರ್ ಸಾಹೇಬ್ರೆ."

"ಬರಿ."

ರಾಮ್‌ದುಲಾರ್ ಅವರ ಮುಖ ನೋಡಿದ. ಅವರು ಹೊಳೆ ನೋಡುತ್ತಿದ್ದರು. ಆ ಮುಖದಲ್ಲಿ ಅವನಿಗೆ ಏನೂ ಸಿಗಲಿಲ್ಲ.

ಬೋರ್ಡು ಹೋಳಿಗೆ ಮೂರು ದಿನ ಮೊದಲು ಬಂತು. ಅದಕ್ಕೂ ಮೊದಲೇ ಕನ್ಹೈ ಮಿರ್ಜಾಪುರದಿಂದ ಒಬ್ಬ ಅರೆಯುವವನನ್ನು ತಂದು ಕಲ್ಲಿನ ಮುಂದೆ ಕೂರಿಸಿದ್ದ. ಕಲ್ಲು ಏಳಲಿಲ್ಲವೆಂಬ ಸುದ್ದಿ ಓಣಿಯಲ್ಲಿ ಹರಡಲು ಒಂದು ಸಂಜೆ ಸಾಕಾಗಿತ್ತು. ರಾಮ್‌ದುಲಾರ್‌ನನ್ನು ಕೌಂಟರಿಗೆ ಹಾಕಿದರು. ಕಲಸುವುದು, ಸೋಸುವುದು, ಲೋಟಕ್ಕೆ ಸುರಿಯುವುದು. ಪುತ್ತನ್ ಬೆಳಿಗ್ಗೆ ಹಾಲು ಹಾಕುವಾಗ, "ಚಟ್ನಿ ಇದೆಯಾ ಗುರು?" ಎಂದು ಕೇಳುತ್ತಿದ್ದ. ತಿಂಗಳು ಕಳೆದ ಮೇಲೆ ಕೇಳುವುದನ್ನು ಬಿಟ್ಟ. ಕೇಳದೆ ಇರುವುದು ಹೆಚ್ಚು ಕಷ್ಟವೆಂದು ರಾಮ್‌ದುಲಾರ್‌ಗೆ ಆಗ ತಿಳಿಯಿತು. ಮಾಸ್ಟರಾಯಿನ್ ಒಮ್ಮೆ ಓಣಿಯಲ್ಲಿ ಎದುರಾದಳು. ತಲೆಯ ಸೆರಗು ಸರಿಮಾಡಿಕೊಂಡು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು, ಅಷ್ಟೇ.

ಹೊಳೆಯಾಚೆಗೆ ಹೋಗಿ ಬಂದ ಮೇಲೆ ಮಾಸ್ಟರರು ಒಂದು ವಾರ ಅಂಗಡಿಗೆ ಬಂದಿರಲಿಲ್ಲ. ಎಂಟನೆಯ ಸಂಜೆ ಬಂದು ಬೆಂಚಿನ ಧೂಳು ಒರೆಸಿ ಕೂತರು. ರಾಮ್‌ದುಲಾರ್ ಪಾಲಕ್, ಬೇವು, ಮೆಣಸು ಹಾಕಿ ಥಂಡಾಯಿ ಸೋಸಿ ಕೊಟ್ಟ. ಅವರು ನಿಧಾನವಾಗಿ ಕುಡಿದು ಮುಗಿಸಿದರು.

"ಮಿರ್ಜಾಪುರದವನ ಅರೆತ ಚೆನ್ನಾಗಿದೆ," ಎಂದರು. ಆಮೇಲೆ ಲೋಟ ಹಿಂದಕ್ಕೆ ಕೊಡುತ್ತ, ಧ್ವನಿ ತಗ್ಗಿಸಿ, ಸಾವಿನ ಮನೆಯಲ್ಲಿ ಹೇಳುವಂತೆ ಹೇಳಿದರು. "ಬೇಜಾರು ಮಾಡ್ಕೋಬೇಡ ದುಲಾರೆ. ವಯಸ್ಸಾದ ಮೇಲೆ ಯಾರ ಕೈಯಾದ್ರೂ ಹೋಗುತ್ತೆ."

"ಹೌದು, ಮಾಸ್ಟರ್ ಸಾಹೇಬ್ರೆ."

ಆ ಸಂಜೆಯಾಗಲಿ, ಆಮೇಲಿನ ಯಾವ ಸಂಜೆಯಾಗಲಿ, ತನ್ನ ಕೈ ಹೋಗಿರಲಿಲ್ಲ ಎಂದು ರಾಮ್‌ದುಲಾರ್ ಅವರಿಗೆ ಹೇಳಲಿಲ್ಲ.