ಇನ್ನೂರ ಎಂಟು ಚದರಡಿ

ಕಾರ್ಪೆಟ್ ಅಂಗಡಿಯಿಂದ ಅಳತೆಗೆ ಹೋದವನಿಗೆ ಬಾಗಿಲು ತೆರೆದದ್ದು ಗಣಿತದ ಮೇಷ್ಟ್ರು. ಮೂವತ್ತು ವರ್ಷದ ಹಿಂದೆ ಇದೇ ಮಹಾನುಭಾವರು ಅವನನ್ನು ಬೆಂಚ್ ಹತ್ತಿಸಿ, "ನೀನೊಂದು ಸೊನ್ನೆ. ನಾನು ಹೇಳೋವರೆಗೂ ಇಳೀಬೇಡ" ಎಂದು ಗದರಿ, ಗಂಟೆ ಹೊಡೆದ ಮೇಲೆ ಮರೆತು ಮನೆಗೆ ಹೋಗಿದ್ದರು. ಹುಡುಗ ಕತ್ತಲಾಗುವವರೆಗೆ ನಿಂತೇ ಇದ್ದ. 'ಸೊನ್ನೆ' ಎಂಬ ಹೆಸರಂತೂ ಅಂಟಿದ್ದು ಅಂಟಿಯೇ ಹೋಯಿತು. ಶಾಲೆ ಬಿಟ್ಟರೂ ಬಿಡಲಿಲ್ಲ, ಮದುವೆಯಾದರೂ ಬಿಡಲಿಲ್ಲ. ನಾದಿನಿಯರು ಕೂಡ 'ಸೊನ್ನೆ ಭಾವ' ಅಂತಲೇ ಕರೆಯುವುದು. ಈ ಮನುಷ್ಯ ಒಂದು ದಿನ ಕೈಗೆ ಸಿಗಲಿ ಎಂದು ಅವನು ಹಲ್ಲು ಕಡಿಯದ ವರ್ಷವಿಲ್ಲ. ಈಗ ಸಿಕ್ಕಿದ್ದರು. ಆದರೆ ಅವರಿಗೆ ಇವನ ಗುರುತೇ ಹತ್ತಲಿಲ್ಲ.

ಹಾಲ್ ಹದಿಮೂರು ಅಡಿ ಅಗಲ, ಹದಿನಾರು ಅಡಿ ಉದ್ದ. ಭಾನುವಾರ ಬೀಗರು ಮೊದಲ ಸಲ ಮನೆಗೆ ಬರುವವರಿದ್ದರು. ಅವರ ಮುಂದೆ ಮೆರೆಯಲೆಂದು ಮೇಷ್ಟ್ರು ಮಖಮಲ್ಲಿನಂಥ ಕಡುಹಸಿರು ಕಾರ್ಪೆಟ್ ಆರಿಸಿದ್ದರು. ಅದು ಹನ್ನೆರಡು ಅಡಿ ಅಗಲದ ಸುರುಳಿಯಲ್ಲಿ ಬರುತ್ತದೆ.

"ಅಡ್ಡಲಾಗಿ ಹಾಸೋಕೆ ಹದಿಮೂರು ಅಡಿಯ ಎರಡು ತುಂಡು ಬೇಕು ಸರ್. ಸುರುಳಿಯಿಂದ ಇಪ್ಪತ್ತಾರು ಅಡಿ ಕತ್ತರಿಸಬೇಕು" ಅಂದ ಸೊನ್ನೆ.

ಮೇಷ್ಟ್ರು ಗಹಗಹಿಸಿ ನಕ್ಕರು. "ಹದಿಮೂರು ಹದಿನಾರ್ಲಿ ಇನ್ನೂರ ಎಂಟು ಚದರಡಿ. ಹನ್ನೆರಡರಿಂದ ಭಾಗಿಸಿದ್ರೆ ಹದಿನೇಳು ಅಡಿ ನಾಲ್ಕಿಂಚು. ಇಪ್ಪತ್ತಾರು ಎಲ್ಲಿಂದ ಬಂತಯ್ಯ? ಯಾರ ಕಿವಿ ಮೇಲೆ ಹೂ ಇಡ್ತಿದ್ದೀಯ? ನಿಂಗೆ ಲೆಕ್ಕ ಹೇಳ್ಕೊಟ್ಟ ಪುಣ್ಯಾತ್ಮ ಯಾರು?"

ಅಡುಗೆಮನೆಯಲ್ಲಿ ಅವರ ಹೆಂಡತಿ ಕಿಸಕ್ಕನೆ ನಕ್ಕದ್ದು ಕೇಳಿಸಿತು. ಸೊನ್ನೆಯ ಮೈ ಉರಿದುಹೋಯಿತು. ಒಂದು ಮಾತು ಹೇಳಿದ್ದರೆ ಸಾಕಿತ್ತು: ಇದರ ಎಳೆಗಳೆಲ್ಲ ಒಂದೇ ಕಡೆಗೆ ಒರಗಿರುತ್ತವೆ, ಉಳಿದ ತುಂಡನ್ನು ತಿರುಗಿಸಿ ಜೋಡಿಸಿದರೆ ಬಣ್ಣವೇ ಬೇರೆಯಾಗಿ ಕಾಣುತ್ತದೆ ಎಂದು. ಯಾವ ಗಿರಾಕಿಗೂ ಅವನು ಅದನ್ನು ಹೇಳದೆ ಬಿಟ್ಟವನಲ್ಲ. ನಾಲಿಗೆಯ ತುದಿಗೆ ಬಂದದ್ದನ್ನು ಈ ಸಲ ನುಂಗಿಕೊಂಡ. ಎಷ್ಟು ರುಚಿಯಾಗಿತ್ತು ಆ ಮಾತು!

"ನೀವು ಹೇಳಿದ್ಮೇಲೆ ಮುಗೀತು ಸರ್. ಅದನ್ನೇ ಈ ಆರ್ಡರ್ ಚೀಟೀಲಿ ಬರೆದು ಸಹಿ ಹಾಕಿಬಿಡಿ."

ಶನಿವಾರ ಅವನು ಹಾಸಲು ಬಂದಾಗ ಸೋಫಾ, ಕುರ್ಚಿಗಳನ್ನೆಲ್ಲ ಹಾಲಿನ ಬಾಗಿಲಾಚೆ, ಒಬ್ಬರು ಹಾಯುವಷ್ಟು ಜಾಗ ಬಿಟ್ಟು ಪೇರಿಸಿಟ್ಟಿದ್ದರು; ಪಕ್ಕದ ಗೋಡೆಗೊಂದು ಮರದ ಬೆಂಚ್ ಒರಗಿತ್ತು. ಮೇಷ್ಟ್ರಿಗೆ ನಿಂತು ನೋಡದಿದ್ದರೆ ಸಮಾಧಾನವಿಲ್ಲ.

"ನೋಡ್ಲೇಬೇಕು ಅಂದ್ರೆ ಆ ಬೆಂಚ್ ಹತ್ತಿ ಸರ್" ಅಂದ ಸೊನ್ನೆ. ಹತ್ತಿದರು.

ಹನ್ನೆರಡು ಅಡಿ ಅಗಲದ ಹಾಸು ಕೂತಿತು. ಒಂದು ಅಡಿ ಅಗಲದ ನೆಲ ಉದ್ದಕ್ಕೂ ಬರಿದಾಗಿ ಉಳಿಯಿತು. ಸುರುಳಿಯಲ್ಲಿ ಮಿಕ್ಕಿದ್ದ ಒಂದಡಿ ನಾಲ್ಕಿಂಚನ್ನು ಅಡ್ಡ ತಿರುಗಿಸಿ ಕೊಯ್ದು, ಹನ್ನೆರಡು ಅಡಿಗೆ ಒಂದು ಪಟ್ಟಿ, ಕೊನೆಯ ನಾಲ್ಕಡಿಗೆ ಮೂರು ಚೂರು ಜೋಡಿಸಿದ. ಸೋಫಾ ಇಡುವ ಗೋಡೆಯ ಕಡೆಗೆ ಹಾಕಿದ್ದರೆ ಮುಕ್ಕಾಲು ಪಾಲು ಮುಚ್ಚಿಹೋಗುತ್ತಿತ್ತು. ಅವನು ಬೇಕೆಂದೇ ಕಿಟಕಿಯ ಬುಡಕ್ಕೆ, ಮೇಷ್ಟ್ರು ದಿನಾ ಕೂರುವ ಜಾಗದ ಎದುರಿಗೆ ಹಾಕಿದ. ಆಮೇಲೆ ಪರದೆ ಸರಿಸಿದ.

ಬಿಸಿಲು ಬಿತ್ತು. ಹಾಸೆಲ್ಲ ಕಡುಹಸಿರು, ಪಟ್ಟಿ ಮಾತ್ರ ಒಣಹುಲ್ಲು.

"ಅಯ್ಯೋ, ಇದೇನ್ರೀ ತೇಪೆ!" ಮೇಷ್ಟ್ರ ಹೆಂಡತಿ ಬಾಯಿ ಮೇಲೆ ಕೈಯಿಟ್ಟುಕೊಂಡರು. "ನಾಳೆ ಬೀಗರಿಗೆ ಮುಖ ಹೇಗ್ರೀ ತೋರಿಸೋದು?"

ಮೇಷ್ಟ್ರ ತುಟಿ ಅಲುಗುತ್ತಿತ್ತು. ಮತ್ತೆ ಗುಣಿಸುತ್ತಿದ್ದರು. "ಲೆಕ್ಕ ಸರಿಯಾಗೇ ಇತ್ತಲ್ಲ..."

"ಸರಿಯಾಗೇ ಇದೆ ಸರ್. ಒಂದಿಂಚೂ ಹೆಚ್ಚಿಲ್ಲ, ಕಡಿಮೆಯಿಲ್ಲ."

"ಹೀಗಾಗುತ್ತೆ ಅಂತ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಯಾಕಯ್ಯ ಹೇಳ್ಲಿಲ್ಲ?"

"ಸೊನ್ನೆ ಹೇಳಿದ್ರೆ ಯಾರು ಕೇಳ್ತಾರೆ ಸರ್?"

ಮೇಷ್ಟ್ರು ಅವನ ಮುಖವನ್ನೇ ದಿಟ್ಟಿಸಿದರು. ತುಂಬ ಹೊತ್ತು ಹಿಡಿಯಿತು. ಗುರುತು ಹತ್ತಿದ ಗಳಿಗೆ ಅವರ ಮುಖದ ಬಣ್ಣವೇ ಇಳಿಯಿತು. ಗೋಡೆ ಹಿಡಿದು ಒಂದು ಕಾಲು ಕೆಳಗಿಟ್ಟರು.

"ನಾನು ಹೇಳೋವರೆಗೂ ಇಳೀಬೇಡಿ" ಅಂದ ಸೊನ್ನೆ.

ಮೇಷ್ಟ್ರ ಕಾಲು ತಾನಾಗಿಯೇ ಮೇಲೆ ಹೋಯಿತು. ಅವನು ಚಾಕು, ಟೇಪು ಚೀಲಕ್ಕೆ ಹಾಕಿಕೊಂಡು, ಅವರ ಪಕ್ಕದಲ್ಲೇ ಹಾದು, ಏನೂ ಹೇಳದೆ ಮನೆಗೆ ಹೊರಟುಹೋದ.