ಬಿಲ್ಲೆ ತಿಂದವಳು

ಹೊಲಿಗೆ ಅಂಗಡಿಯಲ್ಲಿ ಅವಳ ಕೆಲಸ ಕಾಲರು ಕೂರಿಸುವುದು. ಹಾಗಾಗಿ ಎಲ್ಲರ ಬಾಯಲ್ಲೂ ಅವಳು ಕಾಲರಕ್ಕ. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ಬಿಲ್ಲೆಗಳನ್ನು ಅವಳು ತಿನ್ನುತ್ತಿದ್ದಳು. ಮೊದಮೊದಲು ಬೆರಳಿಗಂಟಿದ ಪುಡಿ, ಆಮೇಲೊಂದು ಮೂಲೆ, ಈಗ ದಿನಕ್ಕೊಂದು ಬಿಲ್ಲೆ. ಬಿಳಿಯದೇ ಆಗಬೇಕು, ನೀಲಿಯದು ನಾಲಿಗೆಯ ಮೇಲೆ ಕೂತು ಸಾಕ್ಷಿ ಹೇಳುತ್ತದೆ. ಯಂತ್ರದಡಿಯ ದಾರದ ಬಾಬಿನ್ ಬದಲಿಸುವ ನೆವದಲ್ಲಿ ತಲೆ ತಗ್ಗಿಸಿ ಬಾಯಿಗಿಟ್ಟು, ಯಂತ್ರಗಳ ಸದ್ದಿನೊಳಗೆ ಅಗಿದು ನುಂಗುವಳು. ಬೆಳಗ್ಗೆ ದೇವರ ಹೆಸರು ಹೇಳಬೇಕಾದದ್ದೂ ಅದೇ ಬಾಯಿಂದ.

ಬಿಲ್ಲೆಗಳು ಕರಗುತ್ತಿರುವುದು ಕಟಿಂಗ್ ಮಾಸ್ಟರರ ಕಣ್ಣಿಗೆ ಬಿತ್ತು. ಗುಂಡಿ ಹಚ್ಚುವ ಅಜ್ಜಿಯ ಮನೆಯಲ್ಲಿ ಸ್ಲೇಟು ಹಿಡಿದ ಮೊಮ್ಮಗಳಿದ್ದಾಳೆ; ಅನುಮಾನಕ್ಕೆ ಅಷ್ಟು ಸಾಕಾಯಿತು.

"ಏನಜ್ಜೀ, ಮೊಮ್ಮಗಳನ್ನ ಪಂಡಿತೆ ಮಾಡೋಕೆ ನನ್ನ ಬಿಲ್ಲೆಗಳೇ ಬೇಕಿತ್ತಾ? ಎಲ್ಲಿ, ಚೀಲ ತೋರ್ಸು."

ಅಂದಿನಿಂದ ಪ್ರತಿ ಸಂಜೆ ಅಜ್ಜಿ ಬಾಗಿಲ ಬಳಿ ಚೀಲ ಬಿಚ್ಚಿ ತೋರಿಸಿಯೇ ಹೊರಡಬೇಕಾಯಿತು. ಆ ಹೊತ್ತಿಗೆ ಸರಿಯಾಗಿ ಕಾಲರಕ್ಕನಿಗೆ ಸೂಜಿಗೆ ದಾರ ಪೋಣಿಸುವ ಕೆಲಸ ಬರುತ್ತಿತ್ತು.

ಇತ್ತ ಕಾಲರಕ್ಕನಿಗೆ ಮೆಟ್ಟಿಲು ಹತ್ತಿದರೆ ಏದುಸಿರು, ಮುಖ ಸುಣ್ಣದಂತೆ. ನಾದಿನಿ ಬಿಡದೆ ಹೋಮಿಯೋಪತಿ ಡಾಕ್ಟರ ಬಳಿ ಎಳೆದುಕೊಂಡು ಹೋದಳು. ಅವರು ನಾಡಿಗಿಂತ ಹೆಚ್ಚು ಮಾತು ಹಿಡಿಯುವವರು. ಯಾವ ಮಗ್ಗುಲಿಗೆ ಮಲಗುತ್ತೀರಿ, ಬಿಸಿ ಇಷ್ಟವೋ ತಣ್ಣಗಿದ್ದದ್ದೋ ಎಂದು ಕೇಳುತ್ತ ಕೇಳುತ್ತ, "ತಿನ್ನಬಾರದ್ದೇನಾದ್ರೂ ತಿನ್ಬೇಕು ಅನ್ಸುತ್ತಾ? ಮಣ್ಣು, ಬಳಪ, ಬೂದಿ?" ಎಂದರು.

ನಾದಿನಿ ಕಿಸಕ್ಕನೆ ನಕ್ಕಳು. "ಅಯ್ಯೋ ಡಾಕ್ಟ್ರೇ, ನಮ್ಮತ್ತಿಗೆ ಏನು ಅಂಬೆಗಾಲಿಡೋ ಮಗೂನಾ?"

"ಉಪ್ಪು," ಎಂದಳು ಕಾಲರಕ್ಕ. "ಉಪ್ಪು ಅಂದ್ರೆ ಸ್ವಲ್ಪ ಜಾಸ್ತಿ ಇಷ್ಟ."

ಉಪ್ಪು ಬೇಡುವ ಮೈಗೆ ಒಪ್ಪುವ ಗುಳಿಗೆ ಸಿಕ್ಕಿತು. ವಾರ ಕಳೆದರೂ ಏನೂ ಬದಲಾಗಲಿಲ್ಲ. ಈ ಸಲ ಒಬ್ಬಳೇ ಹೋದಳು. ನೆಲ ನೋಡುತ್ತ ಬಿಲ್ಲೆ ತಿನ್ನುವುದನ್ನು ಇದ್ದಂತೆ ಹೇಳಿದಳು. ಡಾಕ್ಟರು ಉಪ್ಪೆಂದು ಬರೆದಿದ್ದ ಹಳೆಯ ಹಾಳೆಗೆ ಅಡ್ಡಗೆರೆ ಎಳೆದರು.

"ಬಾಯಿ ಬೇಡೋದು ಕೆಟ್ಟತನ ಅಲ್ಲಮ್ಮ, ಗುರುತು. ಒಳಗೇನೋ ತಪ್ಪಿದೆ ಅಂತ ಮೈ ಕೂಗೋ ಕೂಗು. ಕುಡಿಯೋರಿಗೂ ಇದನ್ನೇ ಹೇಳ್ತೀನಿ. ನಮ್ಮ ವೈದ್ಯದಲ್ಲಿ ಆ ಕೂಗಿನ ಬೆನ್ನು ಹಿಡಿದೇ ಔಷಧಿ ಹುಡುಕ್ಬೇಕು. ನೀವು ಮುಚ್ಚಿಟ್ರೆ ನಾನು ಬೇರೆ ಯಾರಿಗೋ ಔಷಧಿ ಕೊಟ್ಟ ಹಾಗೆ." ರಕ್ತಪರೀಕ್ಷೆಗೂ ಒಂದು ಚೀಟಿ ಬರೆದರು.

"ಹಾಗಾದ್ರೆ ನನ್ನದೇನೂ ತಪ್ಪಿಲ್ವಾ, ಡಾಕ್ಟ್ರೇ?"

"ತಿಂದದ್ರಲ್ಲಿ ಇಲ್ಲ."

ಅಜ್ಜಿಯ ವಿಷಯ ಅವರಿಗೆ ಗೊತ್ತೇ ಇರಲಿಲ್ಲ. ಆದರೂ ಆ ಮಾತು ಉಗುರಿನ ಸಂದಿಗೆ ಸೂಜಿ ಹೊಕ್ಕಂತೆ ಚುಚ್ಚಿತು. ಆ ತಪ್ಪಿಗೆ ಗುಳಿಗೆ ಯಾವುದು ಎಂದು ಕೇಳದೆಯೇ ಚೀಟಿ ಹಿಡಿದು ಎದ್ದು ಬಂದಳು.

ಮರುದಿನ ಬೆಳಗ್ಗೆ ಯಂತ್ರಗಳು ಶುರುವಾಗುವ ಮುನ್ನವೇ ಕಟಿಂಗ್ ಮೇಜಿನೆದುರು ನಿಂತಳು.

"ಮಾಸ್ಟ್ರೇ, ಬಿಲ್ಲೆ ತೆಗೀತಿದ್ದದ್ದು ನಾನು. ಅಜ್ಜಿ ಅಲ್ಲ."

ಮಾಸ್ಟರು ಕತ್ತರಿ ಕೆಳಗಿಟ್ಟು ನಕ್ಕರು. "ಬಿಡಕ್ಕ, ಗೊತ್ತು ನಂಗೆ. ಅಜ್ಜಿ ಮೇಲಿನ ಕನಿಕರಕ್ಕೆ ಮೈಮೇಲೆ ಎಳ್ಕೋತಿದ್ದೀಯ. ಇಂಥ ಮನಸ್ಸು ಯಾರಿಗಿರುತ್ತೆ ಹೇಳು!" ಅಂಗಿಯ ತೋಳು ಹೊಲಿಯುವವಳು ಹೌದೌದೆಂದು ತಲೆಯಾಡಿಸಿದಳು.

ಹೇಳಿದ್ದೂ ಆಯಿತು, ಮಾನವೂ ಉಳಿಯಿತು. ಸುಮ್ಮನೆ ಹೋಗಿ ಕೂತರಾಯಿತಲ್ಲ? ಕ್ಷಣಕಾಲ ಅವಳ ಕಾಲು ಯಂತ್ರದತ್ತ ತಿರುಗಿಯೂ ಬಿಟ್ಟಿತು. ಆಗ ಕಂಡಳು ಗುಂಡಿಯಜ್ಜಿ, ಕೂತಲ್ಲಿಂದಲೇ ಅವಳಿಗೆ ಕೈಮುಗಿದಿದ್ದಳು. ಕಣ್ತುಂಬ ನೀರು.

ಕಾಲರಕ್ಕ ಮೇಜಿನ ಮೇಲಿದ್ದ ಬಿಳಿ ಬಿಲ್ಲೆಯನ್ನೆತ್ತಿ ಎಲ್ಲರೆದುರೇ ಕಚ್ಚಿದಳು. ಯಂತ್ರಗಳು ಸುಮ್ಮನಿದ್ದುದರಿಂದ ಕಟುಮ್ಮೆಂದ ಸದ್ದು ಬಾಗಿಲವರೆಗೂ ಕೇಳಿಸಿತು. ಅಗಿದಳು, ನುಂಗಿದಳು. ತುಟಿಯಂಚಿಗೆ ಬಿಳಿ ಹಿಟ್ಟು. ನಾಚಿಕೆಯ ನಡುವೆಯೂ ನಾಲಿಗೆಗೆ ಅದು ರುಚಿಸಿತು. ಅವಳಿಗೆ ಅದೇ ಎಲ್ಲಕ್ಕಿಂತ ಹೇಸಿಗೆ ಅನಿಸಿತು.

ಅಜ್ಜಿಯ ಮುಗಿದ ಕೈ ಮೆಲ್ಲಗೆ ಬಿಟ್ಟುಕೊಂಡಿತು.

ಸಂಜೆ ಮಾಸ್ಟರು ಚೀಲ ಕೇಳದೆ ಬಾಗಿಲ ಕಡೆ ಬೆನ್ನು ತಿರುಗಿಸಿ ನಿಂತರು. ಅಜ್ಜಿ ಬಾಗಿಲಿಗೆ ಹೋಗದೆ ನೇರ ಕಾಲರಕ್ಕನ ಯಂತ್ರದ ಬಳಿ ಬಂದು ಚೀಲದ ಬಾಯಿ ಬಿಚ್ಚಿದಳು.

"ಹನ್ನೆರಡು ದಿನ ಎಲ್ರೂ ನೋಡಿದ್ರು. ನೀನೊಬ್ಳೇ ನೋಡಿಲ್ಲ. ನೋಡು."

ಈ ಸಲ ಕಾಲರಕ್ಕ ಸೂಜಿ ದಾರ ಹುಡುಕಲಿಲ್ಲ. ದಾರ ಸುತ್ತಿ ಕಟ್ಟಿದ ಕನ್ನಡಕ, ಹಲ್ಲು ಮುರಿದ ಬಾಚಣಿಗೆ, ಮಡಿಸಿದ ಕರವಸ್ತ್ರ, ಒಂದು ಖಾಲಿ ಡಬ್ಬಿ. ಒಂದೊಂದನ್ನೂ ನೋಡಿದಳು.