ಒಂಬತ್ತರ ಮುಂದಿನ ಸಾಲು

“ಪೆಟ್ಟಿಗೆಯಲ್ಲಿರುವ ಆವೃತ್ತಿಯೇ ಹೊಸದು; ಬದಲಾವಣೆ ಅಗತ್ಯವಿಲ್ಲ” ಎಂದು ಲ್ಯಾಪ್‌ಟಾಪಿನ ಪರದೆ ಮತ್ತೊಮ್ಮೆ ಹೇಳಿತು. ಬದುವಿನ ಮೇಲೆ ಗೋಣಿಚೀಲ ಹಾಸಿಕೊಂಡು ಕುಳಿತಿದ್ದ ವಿಜಯಶ್ರೀ ತಲೆಯೆತ್ತಿ ಕಂಬದ ತುದಿಯನ್ನು ನೋಡಿದಳು. ಅಲ್ಲಿ ಸಿಡಿಲಿನ ಸುಳಿವು ಹಿಡಿಯುವ ಬಿಳಿಯ ಪೆಟ್ಟಿಗೆ, ಅದರ ಕೆಳಗೆ ಸೈರನ್. ಪೆಟ್ಟಿಗೆಯೊಳಗೆ ಇದ್ದದ್ದು ಅವಳೇ ಬರೆದ ತಂತ್ರಾಂಶದ ೨.೯ನೇ ಆವೃತ್ತಿ. ಈಗ ಕಳುಹಿಸುತ್ತಿದ್ದುದು ಅದರ ನಂತರದ್ದು, ೨.೧೦. ಹೊಸದನ್ನು ಹಳೆಯದೆಂದು ಪೆಟ್ಟಿಗೆ ಏಕೆ ಹಿಂದಿರುಗಿಸುತ್ತಿದೆ ಎಂಬುದು ಅವಳಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಕುತೂಹಲವನ್ನೇ ಹುಟ್ಟಿಸಿತ್ತು.

ಅವಳು ಕೆಲಸ ಮಾಡುವ ಆಳಂದದ ಸಣ್ಣ ಸಂಸ್ಥೆ ಇಂತಹ ಪೆಟ್ಟಿಗೆಗಳನ್ನು ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಹೊಲಗಳಲ್ಲಿ ನಿಲ್ಲಿಸಿತ್ತು. ದೂರದ ಮಿಂಚು ಹೊಮ್ಮಿಸುವ ರೇಡಿಯೋ ಅಲೆಗಳನ್ನು ಗ್ರಹಿಸಿ, ಮೋಡ ನೆತ್ತಿಗೆ ಬರುವ ಮೊದಲೇ ಕೂಗುವುದು ಅವುಗಳ ಕೆಲಸ. ಆದರೆ ಮಟಕಿ ಊರಿನ ಈ ಹೊಲದ ಒಡೆಯ ಖಂಡಪ್ಪ ತನ್ನ ಕಬ್ಬಿಗೆ ನೀರು ಬಿಡಲು ಮೋಟಾರಿನ ಸ್ಟಾರ್ಟರ್ ಒತ್ತಿದಾಗಲೆಲ್ಲ ಅಲ್ಲಿ ಹಾರುವ ಕಿಡಿಯನ್ನೂ ಪೆಟ್ಟಿಗೆ ಮಿಂಚೆಂದೇ ತಿಳಿಯುತ್ತಿತ್ತು. ತೊಗರಿಯಲ್ಲಿ ಕಸ ತೆಗೆಯುವ ಹೆಂಗಸರು ಮೊದಮೊದಲು ಕೂಗು ಕೇಳಿದೊಡನೆ ಎದ್ದು ಓಡುತ್ತಿದ್ದರು. ಆಮೇಲೆ ಏಳುವುದನ್ನೇ ಬಿಟ್ಟರು. ಕಳೆದ ವಾರ ಸೈರನ್ ನಿಜವಾಗಿಯೇ ಕೂಗಿತ್ತು, ಯಾರೂ ಏಳಲಿಲ್ಲ. ಸಿಡಿಲು ಪಕ್ಕದ ಹೊಲದ ಬೇವಿನ ಮರಕ್ಕೆ ಬಡಿದು, ನೆರಳಿಗೆ ಕಟ್ಟಿದ್ದ ಕುರಿಗಳು ಸತ್ತವು.

ಬೆಳಿಗ್ಗೆ ವಿಜಯಶ್ರೀ ಬಂದು, ಹೊಸ ನಂಬರಿನ ತಂತ್ರಾಂಶ ಹಾಕುತ್ತೇನೆ ಎಂದಾಗ, ಕೂಲಿಯ ಹೆಂಗಸರ ಮುಂದಾಳು ಭಾಗಮ್ಮ ಅವಳನ್ನು ನಿಲ್ಲಿಸಿಕೊಂಡಿದ್ದಳು.

“ತಂಗೀ, ಬರೇ ಸುಳ್ಳು ಹೇಳೋರ ಜೋಡಿ ಬಾಳ್ವೆ ಮಾಡಬಹುದು. ಒಮ್ಮೆ ಖರೆ, ಒಮ್ಮೆ ಸುಳ್ಳು ಹೇಳೋರ ಜೋಡಿ ಹ್ಯಾಂಗ ಮಾಡೋದು?”

“ನಮ್ಮತ್ತಿ ಹಂಗೇ ಅದರಿ ಇದು,” ಎಂದು ಪಕ್ಕದಲ್ಲಿದ್ದ ಅಜೀಜಾಬಿ ನಕ್ಕಿದ್ದಳು. “ಎದ್ರೂ ಚೀರ್ತಾಳ, ಕುಂತ್ರೂ ಚೀರ್ತಾಳ. ಅಕಿಗೂ ಒಂದು ಹೊಸಾ ನಂಬರ್ ಹಾಕಿ ಕೊಡ್ರಿ.”

ಸ್ಟಾರ್ಟರಿನ ಕಿಡಿಗೂ ಮಿಂಚಿಗೂ ಇರುವ ವ್ಯತ್ಯಾಸವನ್ನು ೨.೧೦ ಗುರುತಿಸಬಲ್ಲದು, ಇಂದಿನಿಂದ ಪೆಟ್ಟಿಗೆ ಸುಳ್ಳು ಕೂಗುವುದಿಲ್ಲ ಎಂದು ವಿಜಯಶ್ರೀ ಮಾತು ಕೊಟ್ಟಿದ್ದಳು. ಹಾಗಾದರೆ ಇಂದಿನಿಂದಲೇ ಏಳುತ್ತೇವೆ, ಇಲ್ಲವಾದರೆ ಅದರ ಬಾಯಿಗೆ ಅರಿವೆ ತುರುಕುತ್ತೇವೆ ಎಂದು ಭಾಗಮ್ಮ ಹೊಲಕ್ಕಿಳಿದಿದ್ದಳು. ಹುಬ್ಬಿ ನಕ್ಷತ್ರದ ಮಳೆಯ ಮೋಡಗಳು ದಿನವೂ ಮಧ್ಯಾಹ್ನ ಕಟ್ಟುತ್ತಿದ್ದವು.

ವಿಜಯಶ್ರೀ ಪ್ರಯೋಗಕ್ಕೆ ತೊಡಗಿದಳು. ಅದೇ ತಂತ್ರಾಂಶಕ್ಕೆ ೨.೧೧ ಎಂದು ಹೆಸರಿಟ್ಟು ಲ್ಯಾಪ್‌ಟಾಪಿನೊಳಗಿನ ಪರೀಕ್ಷಾ ಪ್ರತಿಗೆ ಕೊಟ್ಟಳು: ತಿರಸ್ಕಾರ. ೨.೫೦ ಎಂದಳು: ತಿರಸ್ಕಾರ. ೨.೯೧ ಎಂದಳು: ಸ್ವೀಕಾರ. ಐವತ್ತನ್ನು ಒಲ್ಲೆನೆಂದು ತೊಂಬತ್ತೊಂದನ್ನು ಬರಮಾಡಿಕೊಳ್ಳುವ ಈ ಬಾಗಿಲ ನಿಯಮ ಯಾವುದು? ಅವಳು ಪೆನ್ನಿನ ತುದಿಯನ್ನು ಹಲ್ಲಿನಲ್ಲಿ ಹಿಡಿದು ಆ ಅಂಕಿಗಳನ್ನು ಮತ್ತೆ ನೋಡಿದಳು.

ಹೊಲದಿಂದ ಭಾಗಮ್ಮನ ದನಿ ಬಂತು. ಒಡ್ಡುಗಳ ನಡುವಿನ ನೆಲವನ್ನು ಅವರು ಪಟ್ಟಿ ಎನ್ನುತ್ತಿದ್ದರು. ಯಾರು ಯಾವ ಪಟ್ಟಿಯ ಯಾವ ಸಾಲಿನಲ್ಲಿದ್ದಾರೆಂದು ಆಗಾಗ ಕೂಗಿ ಕೇಳುವುದು, ಮುಂದೆ ಹೋದವಳು ಹಿಂದಿನವಳಿಗಾಗಿ ನಿಲ್ಲುವುದು ಅವರ ರೂಢಿ.

“ಎಲ್ಲಿದ್ದಿ ಬೇ, ಅಜೀಜಾ?”

“ಎರಡ್ನೇ ಪಟ್ಟಿ, ಹತ್ತನೇ ಸಾಲು!”

“ನಾ ಇನ್ನಾ ಒಂಬತ್ತರಾಗ ಇದ್ದೇನಿ. ಭಾಳ ಮುಂದ ಓಡಬ್ಯಾಡ, ನಿಂದರು.”

ವಿಜಯಶ್ರೀಯ ಬೆರಳು ಕೀಲಿಯ ಮೇಲೆ ನಿಂತಿತು. ಎರಡನೆಯ ಪಟ್ಟಿ, ಹತ್ತನೆಯ ಸಾಲು. ಅದನ್ನು ೨.೧೦ ಎಂದು ಬರೆದು ದಶಮಾಂಶವಾಗಿ, ಅಂದರೆ ೨.೧ ಎಂದು ಓದಿದರೆ ಅಜೀಜಾಬಿ ಭಾಗಮ್ಮನಿಗಿಂತ ಎಷ್ಟೋ ಹಿಂದೆ, ಪಟ್ಟಿಯ ಮೊದಲ ಸಾಲಿನಲ್ಲಿ ಇರಬೇಕಾಗುತ್ತದೆ. ವಿಜಯಶ್ರೀ ತಂತ್ರಾಂಶದಲ್ಲಿ ಆವೃತ್ತಿಗಳನ್ನು ಹೋಲಿಸುವ ಸಾಲನ್ನು ತೆರೆದಳು. ಕೆಲಸಕ್ಕೆ ಸೇರಿದ ಹೊಸತರಲ್ಲಿ ತಾನೇ ಬರೆದದ್ದು. ಇಡೀ ಹೆಸರನ್ನು ದಶಮಾಂಶ ಸಂಖ್ಯೆಯಾಗಿ ಮಾಡಿ, ಯಾವುದು ದೊಡ್ಡದೆಂದು ಅಲ್ಲಿ ಕೇಳಲಾಗಿತ್ತು. ಕಾಲೇಜಿನ ಪ್ರಯೋಗಾಲಯದಲ್ಲಿ ಎರಡೂವರೆ ವರ್ಷ ಅಳತೆಗಳನ್ನು ಬರೆದ ಕೈಗೆ ೨.೧೦ ಎಂದರೆ ೨.೧ರಷ್ಟೇ ಉದ್ದ. ೨.೯ಕ್ಕಿಂತ ಅದು ಚಿಕ್ಕದು.

ಅಷ್ಟರಲ್ಲಿ ಆಳಂದದ ಕಚೇರಿಯಿಂದ ಸಹೋದ್ಯೋಗಿ ಅಜಯಕುಮಾರ ಫೋನು ಮಾಡಿದ. ಅಫಜಲಪುರ, ಜೇವರ್ಗಿಯ ಪೆಟ್ಟಿಗೆಗಳೆಲ್ಲ ‘ಬದಲಾವಣೆ ಅಗತ್ಯವಿಲ್ಲ’ ಎಂದಿವೆ, ಅಲ್ಲಿ ಎಲ್ಲವೂ ಸರಿಯಾಗಿದೆ ಎಂದು ಸಂತೋಷದಿಂದ ತಿಳಿಸಿದ. ಸರಿಯಾಗಿಲ್ಲ, ಅವೂ ಹೊಸದನ್ನು ಹಿಂದಕ್ಕೆ ಕಳುಹಿಸಿವೆ ಎಂದು ಅವಳು ಬಿಡಿಸಿ ಹೇಳಿದಳು.

“ಹಂಗಾದ್ರ ೩.೦ ಅಂತ ಹೆಸರು ಹಚ್ಚಿ ಕಳಸ್ರಿ. ಮುಗೀತದ,” ಎಂದ ಅವನು.

“ಹೆಸರು ಅದೇ ಹಚ್ತೇನಿ. ಒಳಗ ಹೋಗಾಕ ಬ್ಯಾರೆ ದಾರಿ ಇಲ್ಲ, ಬಾಗಲ ಕಾಯೋದು ಹಳೇ ಲೆಕ್ಕನೇ ಅದ. ಆದ್ರ ಆ ಲೆಕ್ಕಾನೂ ತಿದ್ದಿ ಇಡ್ತೇನಿ. ಇಲ್ಲಂದ್ರ ೩.೧೦ ಬಂದಾಗ ಮತ್ತ ಇದೇ ಹಾಡು.”

ಬಿಂದುವಿನ ಬಳಿ ಹೆಸರನ್ನು ಒಡೆದು, ಎಡಭಾಗವನ್ನು ಎಡಭಾಗದೊಡನೆ, ಅವು ಸಮವಾದರೆ ಬಲಭಾಗವನ್ನು ಬಲಭಾಗದೊಡನೆ ಪೂರ್ಣಾಂಕಗಳಾಗಿ ಹೋಲಿಸುವಂತೆ ಅವಳು ಬರೆದಳು. ಪರೀಕ್ಷಾ ಪ್ರತಿಯಲ್ಲಿ ಹತ್ತು ಒಂಬತ್ತನ್ನು ದಾಟಿತು. ೩.೦ ಎಂದು ಹೆಸರಿಟ್ಟು ಕಳುಹಿಸಿದಳು. ಪೆಟ್ಟಿಗೆಯ ದೀಪ ಆರಿ, ತುಸು ತಡೆದು ಮತ್ತೆ ಹತ್ತಿತು.

ವಿಜಯಶ್ರೀ ಖಂಡಪ್ಪನಿಗೆ ಸ್ಟಾರ್ಟರ್ ಒತ್ತಲು ಹೇಳಿದಳು. ಮೋಟಾರು ಗುಂಯ್ಗುಟ್ಟಿತು, ಕಂಬ ಸುಮ್ಮನಿತ್ತು.

“ಸತ್ತೇ ಹೋಯ್ತೇನ್ರಿ?” ಎಂದಳು ಅಜೀಜಾಬಿ.

ಭಾಗಮ್ಮ ನಗಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಕಂಬದ ಬುಡಕ್ಕೆ ಬಂದು ನಿಂತು, “ಸಾವಕಾರ್ರೆ, ಬಂದ್ ಮಾಡಿ ಮತ್ತೊಮ್ಮೆ ಹಾಕ್ರಿ,” ಎಂದಳು. ಖಂಡಪ್ಪ ಗೊಣಗುತ್ತ ಹಾಕಿದ. ಅವಳು ಮತ್ತೂ ಹಾಕಿಸಿದಳು, ಬೇಗಬೇಗನೆ ಹಾಕಿಸಿದಳು, ಬಿಟ್ಟುಬಿಟ್ಟು ಹಾಕಿಸಿದಳು. ಹೀಗೆ ಪರೀಕ್ಷಿಸಬೇಕೆಂದು ತನಗೇ ಹೊಳೆದಿರಲಿಲ್ಲವಲ್ಲ ಎಂದುಕೊಳ್ಳುತ್ತ ವಿಜಯಶ್ರೀ ಒಂದೊಂದನ್ನೂ ಗಮನಿಸಿದಳು. ಕೊನೆಗೆ ಭಾಗಮ್ಮ ಹೊಲಕ್ಕೆ ಮರಳಿದಳು. ಕಬ್ಬಿಗೆ ನೀರು ಸಾಕಾದ ಮೇಲೆ ಖಂಡಪ್ಪ ಮೋಟಾರು ನಿಲ್ಲಿಸಿ ಊಟಕ್ಕೆ ಹೋದ.

ನೆತ್ತಿಯ ಮೇಲೆ ಬಿಸಿಲು ಇನ್ನೂ ಬೆಳ್ಳಗಿರುವಾಗಲೇ ಸೈರನ್ ಕೂಗಿತು.

ವಿಜಯಶ್ರೀ ಥಟ್ಟನೆ ಎದ್ದಳು. ಪಡುವಣದ ಅಂಚಿನಲ್ಲಿ ಕಾಡಿಗೆಯ ಗೆರೆಯಷ್ಟು ಮೋಡ ಬಿಟ್ಟರೆ ಬೇರೇನೂ ಇರಲಿಲ್ಲ. ಕೂಲಿಯ ಹೆಂಗಸರೆಲ್ಲ ಬಗ್ಗಿದಲ್ಲಿಯೇ ನಿಂತು ಭಾಗಮ್ಮನತ್ತ ತಿರುಗಿದರು. ಅವಳು ಮೋಟಾರಿನ ಕಡೆ ನೋಡಿದಳು. ಅಲ್ಲಿ ಸದ್ದಿರಲಿಲ್ಲ, ಯಾರೂ ಇರಲಿಲ್ಲ. ಆಕಾಶ ನೋಡಿದಳು. ಮುಂದೆ ಉಳಿದಿದ್ದ ತೊಗರಿಯ ಉದ್ದವನ್ನು ನೋಡಿದಳು. ಆಮೇಲೆ ಕೈಯಲ್ಲಿದ್ದ ಕಸ ತೆಗೆಯುವ ಖುರ್ಪಿಯನ್ನು ನೆಲಕ್ಕೆ ಚುಚ್ಚಿ ನಿಲ್ಲಿಸಿ, “ನಡೀರಿ ಬೇ,” ಎಂದು ಊರ ಶಾಲೆಯ ಕಡೆ ಹೆಜ್ಜೆ ಹಾಕಿದಳು.

ಒಬ್ಬೊಬ್ಬರಾಗಿ ಎಲ್ಲರೂ ಹೋದರು. ಹೊಲದಲ್ಲಿ ಖುರ್ಪಿಗಳು ಮಾತ್ರ ಉಳಿದವು. ಒಂದು ಸಾಲಿನಲ್ಲಿ ಹಿಂದೆ, ಮತ್ತೊಂದರಲ್ಲಿ ಮುಂದೆ, ಪ್ರತಿಯೊಂದೂ ಅವರವರು ಬಿಟ್ಟ ಜಾಗದಲ್ಲಿ ನಿಂತಿತ್ತು.